ಫೋನಿನಲ್ಲಿ ಬಿದ್ದ ಮಾತಿನ ಪೆಟ್ಟು: ಆರೈಕೆ ಮನೆಯಿಂದಲೇ ಶುರುವಾಗಲಿ

ರೊಟ್ಟಿ ಸುಡುವಾಗ ಮಗಳ ಕೈ ಹಂಚಿಗೆ ತಗುಲಿ ಗುಳ್ಳೆ ಎದ್ದರೆ ನೀವು ಏನು ಮಾಡುತ್ತೀರಿ? ತಣ್ಣೀರಿನಲ್ಲಿ ಕೈ ಹಿಡಿಸುತ್ತೀರಿ, ಮುಲಾಮು ಹಚ್ಚುತ್ತೀರಿ, ಎರಡು ದಿನ ಅವಳಿಗೆ ಕೆಲಸ ಹೇಳುವುದಿಲ್ಲ. ‘ಇನ್ನು ಮೇಲೆ ಒಲೆಯ ಹತ್ತಿರ ಬರಬೇಡ’ ಎಂದು ಅಡುಗೆಮನೆಗೆ ಬೀಗ ಹಾಕುವ ತಾಯಿ ಇರಲಾರಳು. ಅದೇ ಮಗಳು ಒಂದು ಸಂಜೆ ಬಂದು, ‘ಅಮ್ಮೀ, ನನ್ನ ಫೋಟೋದ ಕೆಳಗೆ ಯಾರೋ ಏನೇನೋ ಬರೆದಿದ್ದಾರೆ’ ಎಂದರೆ? ಎಷ್ಟೋ ಮನೆಗಳಲ್ಲಿ ಮೊದಲು ಬರುವ ಮಾತು, ‘ಕೊಡಿಲ್ಲಿ ಫೋನು.’ ಎರಡನೆಯದು, ‘ಫೋಟೋ ಹಾಕು ಅಂತ ನಿನಗೆ ಹೇಳಿದವರು ಯಾರು?’

ಗಾಯ ಮಾಡಿದವನು ಎಲ್ಲೋ ಕುಳಿತು ಮತ್ತೊಬ್ಬರಿಗೆ ಬರೆಯುತ್ತಿರುತ್ತಾನೆ. ಗಾಯಗೊಂಡ ಹುಡುಗಿಗೆ ಶಿಕ್ಷೆಯಾಗುತ್ತದೆ. ಈ ಎರಡನೆಯ ಪೆಟ್ಟು ಎಷ್ಟೋ ಸಲ ಮೊದಲನೆಯದಕ್ಕಿಂತ ಆಳವಾಗಿ ನಾಟುತ್ತದೆ. ಫೋನಿನಲ್ಲಿ ಬರುವ ಒರಟು ಮಾತು, ಅಪಹಾಸ್ಯ, ಬೈಗುಳಗಳಿಂದ ಮನಸ್ಸಿಗೆ ಏನಾಗುತ್ತದೆ, ಮನೆಯವರು ಏನು ಮಾಡಬಹುದು ಎಂಬುದನ್ನು ಆರೋಗ್ಯದ ವಿಷಯವಾಗಿಯೇ ನೋಡೋಣ.

ಮಾತು ಹಳೆಯದು, ಜಾಗ ಹೊಸದು

ಘಟಪ್ರಭೆಯ ದಂಡೆಯ ಅನಗವಾಡಿಯಂಥ ಊರಿನಲ್ಲಿ ಒರಟು ಮಾತು ಹೊಸದೇನಲ್ಲ. ಕಟ್ಟೆಯ ಮೇಲೆ, ಚಹಾದಂಗಡಿಯ ಮುಂದೆ, ಬಸ್ಸಿಗೆ ಕಾಯುವ ಜಾಗದಲ್ಲಿ ಯಾರ ಬಗ್ಗೆಯಾದರೂ ಏನಾದರೂ ಆಡುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆದರೆ ಊರಿನ ಮಾತಿಗೆ ಮೂರು ಕಡಿವಾಣಗಳಿದ್ದವು. ಆಡಿದವನ ಮುಖ ಕಾಣುತ್ತಿತ್ತು, ಅವನು ಯಾರ ಮಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಾತು ಮೀರಿದರೆ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು, ‘ಸುಮ್ನಿರೋ, ಯಾರ ಮನಿ ಮಗಳ ಅಕಿ ಗೊತ್ತೈತೇನು?’ ಎಂದು ಗದರುತ್ತಿದ್ದರು. ಕತ್ತಲಾದ ಮೇಲೆ ಎಲ್ಲರೂ ಮನೆಗೆ ಹೋಗುತ್ತಿದ್ದರು, ಮಾತೂ ಅಲ್ಲಿಗೇ ಚದುರುತ್ತಿತ್ತು.

ಫೋನು ಈ ಮೂರನ್ನೂ ತೆಗೆದುಹಾಕಿದೆ. ಬರೆಯುವವನಿಗೆ ಹೆಸರಿಲ್ಲ, ಮುಖವಿಲ್ಲ. ಎದುರಿಗಿರುವವರ ಕಣ್ಣಲ್ಲಿ ನೀರು ಬಂದದ್ದು ಅವನಿಗೆ ಕಾಣುವುದಿಲ್ಲ. ಮನುಷ್ಯ ತೆರೆಯ ಹಿಂದೆ ಕುಳಿತಾಗ ಎದುರೆದುರು ಆಡಲಾರದ ಮಾತನ್ನೂ ಸಂಕೋಚವಿಲ್ಲದೆ ಆಡಿಬಿಡುತ್ತಾನೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ವಿವರಿಸಿದ್ದರು. ನನ್ನ ಗುರುತು ಯಾರಿಗೂ ಇಲ್ಲ, ನಾನು ಯಾರಿಗೂ ಕಾಣುವುದಿಲ್ಲ, ತಕ್ಷಣ ಯಾರೂ ಉತ್ತರ ಕೊಡುವುದಿಲ್ಲ ಎಂಬ ಭಾವನೆಗಳು ಅವರು ಹೇಳಿದ ಕಾರಣಗಳಲ್ಲಿ ಮುಖ್ಯವಾದವು.

ಇನ್ನು ಆ ಮಾತು ರಾತ್ರಿಗೆ ಮುಗಿಯುವುದೂ ಇಲ್ಲ. ಅದರ ಸ್ಕ್ರೀನ್‌ಶಾಟ್ ಮುಧೋಳದ ಖಾಲಾ ಮನೆಗೆ, ಜಮಖಂಡಿಯ ಮಾಮೂ ಮನೆಗೆ, ಸೌದಿಯಲ್ಲಿ ದುಡಿಯುವ ಅಣ್ಣನ ಫೋನಿಗೆ ಹೋಗಿ ಮುಟ್ಟುತ್ತದೆ. ಹುಡುಗಿ ಹಾಸಿಗೆಯಲ್ಲಿ ಮಲಗಿದ್ದರೂ ಮಾತು ಅವಳ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ.

‘ಬರೀ ಮಾತು’ ಎನ್ನುವ ಮುನ್ನ

‘ಯಾರೋ ಏನೋ ಬರೆದರೆ ನಿನಗೇನಾಯಿತು? ಬರೀ ಮಾತು ತಾನೆ?’ ಎಂದು ನಾವು ಸಮಾಧಾನ ಹೇಳುವುದುಂಟು. ಆದರೆ ದೇಹ ಅದನ್ನು ಬರೀ ಮಾತು ಎಂದು ತಿಳಿಯುವುದಿಲ್ಲ. ಅವಮಾನದ ಮಾತು ಓದಿದ ಕ್ಷಣ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಪಾಯ ಎದುರಾದಾಗ ದೇಹದಲ್ಲಿ ಬಿಡುಗಡೆಯಾಗುವ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸದೂತಗಳೇ ಇಲ್ಲಿಯೂ ಕೆಲಸ ಮಾಡುತ್ತವೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಿಹೋಗಿ ಪಾರಾಗಬಹುದು, ಆಮೇಲೆ ದೇಹ ತಣ್ಣಗಾಗುತ್ತದೆ. ಫೋನಿನ ಮಾತಿನಿಂದ ಓಡಲು ಜಾಗವಿಲ್ಲ. ಅದನ್ನು ಮತ್ತೆ ಮತ್ತೆ ತೆರೆದು ಓದಿದಾಗಲೆಲ್ಲ ದೇಹ ಮತ್ತೆ ಬೆಚ್ಚುತ್ತದೆ.

ಅಮೆರಿಕದ ಲಾಸ್ ಏಂಜಲೀಸ್‌ನ ಸಂಶೋಧಕಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು 2003ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಚೆಂಡು ಎಸೆದಾಡುವ ಆಟ. ಸ್ವಲ್ಪ ಹೊತ್ತಿನ ನಂತರ ಉಳಿದ ಇಬ್ಬರು ತಮ್ಮತಮ್ಮಲ್ಲೇ ಚೆಂಡು ಎಸೆದುಕೊಳ್ಳುತ್ತ ಮೂರನೆಯವರನ್ನು ಬಿಟ್ಟುಬಿಡುತ್ತಾರೆ. ಅಷ್ಟಕ್ಕೇ, ಹೊರಗುಳಿದವರ ಮೆದುಳಿನಲ್ಲಿ ದೇಹದ ನೋವಿನ ಸಂಕಟದ ಜೊತೆ ನಂಟಿರುವ ಒಂದು ಭಾಗ ಚುರುಕಾದದ್ದು ಚಿತ್ರಗಳಲ್ಲಿ ಕಂಡುಬಂತು. ಪರಿಚಯವೇ ಇಲ್ಲದವರು ಆಟದಲ್ಲಿ ಚೆಂಡು ಕೊಡದಿದ್ದರೇ ಹೀಗಾದರೆ, ಗುರುತಿರುವ ಇಪ್ಪತ್ತು ಜನರ ನಡುವೆ ಹೆಸರು ಹಿಡಿದು ಬೈದರೆ ಏನಾದೀತು?

ಇನ್ನೊಂದು ವಿಷಯ ನಿಮ್ಮ ಅನುಭವಕ್ಕೂ ಬಂದಿರಬಹುದು. ಐವತ್ತು ಜನ ‘ಮಾಶಾ ಅಲ್ಲಾಹ್, ಚೆನ್ನಾಗಿದೆ’ ಎಂದು ಬರೆದಿರುತ್ತಾರೆ, ಒಬ್ಬ ಮಾತ್ರ ಬಣ್ಣವನ್ನೋ ಮೂಗನ್ನೋ ಆಡಿಕೊಂಡಿರುತ್ತಾನೆ. ರಾತ್ರಿ ಕಣ್ಣು ಮುಚ್ಚಿದಾಗ ನೆನಪಾಗುವುದು ಆ ಒಬ್ಬನ ಮಾತೇ. ಇದು ದುರ್ಬಲ ಮನಸ್ಸಿನ ಲಕ್ಷಣವಲ್ಲ. ಒಳ್ಳೆಯದಕ್ಕಿಂತ ಕೆಟ್ಟದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂಬುದನ್ನು ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೋರಿಸಿದ್ದಾರೆ. ಹಾವನ್ನು ಮರೆತವನಿಗಿಂತ ನೆನಪಿಟ್ಟವನು ಬದುಕಿದ. ಮನುಷ್ಯನ ಮೆದುಳು ಬೆಳೆದದ್ದೇ ಹಾಗೆ.

ಮನೆಯಲ್ಲಿ ಈ ಲಕ್ಷಣಗಳನ್ನು ಗಮನಿಸಿ: ನಿದ್ದೆ ಬಾರದಿರುವುದು ಅಥವಾ ನಡುರಾತ್ರಿ ಎದ್ದು ಫೋನ್ ನೋಡುವುದು, ಊಟ ಬಿಡುವುದು, ಕಾರಣವಿಲ್ಲದೆ ತಲೆನೋವು, ಹೊಟ್ಟೆನೋವು, ಫೋನ್ ಸದ್ದಾದರೆ ಬೆಚ್ಚಿಬೀಳುವುದು, ಕಾಲೇಜಿಗೆ, ಮದುವೆ ಸಮಾರಂಭಕ್ಕೆ ಹೋಗಲು ಒಲ್ಲೆ ಎನ್ನುವುದು, ಕನ್ನಡಿಯ ಮುಂದೆ ನಿಂತು ತನ್ನನ್ನೇ ಹಳಿದುಕೊಳ್ಳುವುದು. ಇವು ಎರಡು ವಾರ ದಾಟಿದರೆ ‘ವಯಸ್ಸು, ಹಾಗೇ ಇರುತ್ತದೆ’ ಎಂದು ಬಿಟ್ಟುಬಿಡಬೇಡಿ.

ಸುಹಾನಾ ಹಾಡಿದಾಗ

2017ರ ಮಾರ್ಚ್ ತಿಂಗಳು ನೆನಪಿದೆಯೇ? ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ 22 ವರ್ಷದ ಸುಹಾನಾ ಸೈಯದ್, ಝೀ ಕನ್ನಡದ ‘ಸರಿಗಮಪ’ ವೇದಿಕೆಯಲ್ಲಿ ಹಿಜಾಬ್ ಧರಿಸಿ ಶ್ರೀನಿವಾಸನನ್ನು ಸ್ತುತಿಸುವ ಒಂದು ಚಿತ್ರಗೀತೆ ಹಾಡಿದರು. ತೀರ್ಪುಗಾರರು ಮೆಚ್ಚಿದರು. ಆದರೆ ಹಾಡು ಮುಗಿದು ದಿನ ಕಳೆಯುವುದರೊಳಗೆ ಫೇಸ್‌ಬುಕ್ಕಿನಲ್ಲಿ ಆಕೆಯ ಮೇಲೆ ಬೈಗುಳದ ಸುರಿಮಳೆಯಾಯಿತು. ಬರೆದವರಲ್ಲಿ ನಮ್ಮದೇ ಸಮುದಾಯದ ಹೆಸರು ಹೊತ್ತವರಿದ್ದರು. ಅವರು ಆ ಹುಡುಗಿಯನ್ನು ಮಾತ್ರ ಬೈಯಲಿಲ್ಲ, ಆಕೆಯ ತಂದೆತಾಯಿಯನ್ನೂ ಎಳೆದು ತಂದರು. ಮಗಳಿಂದಾಗಿ ಅವರ ಪರಲೋಕದಲ್ಲಿ ಏನಾಗುತ್ತದೆ ಎಂಬ ತೀರ್ಪನ್ನೂ ಕೊಟ್ಟರು.

ಹಾಡುವುದು ಸರಿಯೇ ಅಲ್ಲವೇ ಎಂಬ ಚರ್ಚೆ ಬೇರೆ. ಈ ಪುಟ ಓದುವವರಲ್ಲೂ ಅದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು. ಒಪ್ಪದಿರುವುದು ನಿಮ್ಮ ಹಕ್ಕು. ಆದರೆ ಒಪ್ಪದಿರುವುದು ಬೇರೆ, ಇಡೀ ನಾಡು ನೋಡುವ ಜಾಗದಲ್ಲಿ ಒಂದು ಹೆಣ್ಣುಮಗುವಿನ ಮಾನ ಹರಾಜು ಹಾಕುವುದು ಬೇರೆ. ಒಬ್ಬರ ಬೆನ್ನ ಹಿಂದೆ ಆಡುವುದು ಗೀಬತ್ ಎಂದು ಮಕ್ಕಳಿಗೆ ಮದ್ರಸಾದಲ್ಲೇ ಕಲಿಸುತ್ತೇವೆ. ನಾಲಿಗೆಯಿಂದ ಆಡಿದರೆ ಮಾತ್ರ ಪಾಪ, ಬೆರಳಿನಿಂದ ಒತ್ತಿದರೆ ಅಲ್ಲ ಎಂದು ಯಾರೂ ಕಲಿಸಿಲ್ಲ.

ಸುಹಾನಾ ಒಬ್ಬಂಟಿಯಾಗಲಿಲ್ಲ ಎಂಬುದು ಈ ಪ್ರಸಂಗದ ಇನ್ನೊಂದು ಮುಖ. ಸಮುದಾಯದ ಒಳಗೂ ಹೊರಗೂ ಅನೇಕರು ಬಹಿರಂಗವಾಗಿ ಆಕೆಯ ಪರ ಮಾತಾಡಿದರು. ಆಕೆ ಹಾಡುವುದನ್ನು ಬಿಡಲಿಲ್ಲ. ಆದರೆ ಟಿವಿಯಲ್ಲಿ ಕಾಣದ, ಪತ್ರಿಕೆಗಳು ಬರೆಯದ ಹುಡುಗಿಯ ಪರ ಯಾರು ಮಾತಾಡುತ್ತಾರೆ? ಅವಳಿಗೆ ಇರುವುದು ಮನೆಯವರು ಮಾತ್ರ.

ಬರೆಯುವ ಕೈ ಯಾರದು?

2022ರ ಜನವರಿ 1ರಂದು ದೇಶದ ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಅವರಿಗೆ ತಿಳಿಯದಂತೆ ಕದ್ದು, ‘ಹರಾಜಿಗಿವೆ’ ಎಂದು ‘ಬುಲ್ಲಿ ಬಾಯಿ’ ಎಂಬ ಹೆಸರಿನ ಆ್ಯಪ್‌ನಲ್ಲಿ ಹಾಕಲಾಗಿತ್ತು. ಪತ್ರಕರ್ತೆಯರು, ಹೋರಾಟಗಾರ್ತಿಯರು, ವಿದ್ಯಾರ್ಥಿನಿಯರು ಅದರಲ್ಲಿದ್ದರು. ಅದಕ್ಕೂ ಮೊದಲು 2021ರ ಜುಲೈನಲ್ಲಿ ‘ಸುಲ್ಲಿ ಡೀಲ್ಸ್’ ಎಂಬ ಹೆಸರಿನಲ್ಲಿ ಇಂಥದೇ ಕೃತ್ಯ ನಡೆದಿತ್ತು. ಆಗ ತಿಂಗಳುಗಟ್ಟಲೆ ಯಾರನ್ನೂ ಬಂಧಿಸಿರಲಿಲ್ಲ. ಆದರೂ ಆ ಮಹಿಳೆಯರು ಸುಮ್ಮನಾಗಲಿಲ್ಲ. ತಮ್ಮ ಹೆಸರು ಹೇಳಿಕೊಂಡೇ ದೂರು ಕೊಟ್ಟರು, ಬರೆದರು. ಎರಡನೆಯ ಸಲ ಮುಂಬೈ ಸೈಬರ್ ಪೊಲೀಸರು ಕೆಲವೇ ದಿನಗಳಲ್ಲಿ ಬಂಧನ ಶುರುಮಾಡಿದರು. ಮೊದಲು ಸಿಕ್ಕಿಬಿದ್ದವನು ನಮ್ಮ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ 21 ವರ್ಷದ ಹುಡುಗ. ಬಂಧಿತರಲ್ಲಿ ಉತ್ತರಾಖಂಡದ ಎಳೆಯ ವಯಸ್ಸಿನ ಹುಡುಗಿಯೂ ಇದ್ದಳು.

ಆ ವಯಸ್ಸನ್ನು ಗಮನಿಸಿ. ಬರೆಯುವವರು ರಾಕ್ಷಸರಂತೆ ಕಾಣುವುದಿಲ್ಲ. ಅವರೂ ಒಂದು ಮನೆಯಲ್ಲಿ ಊಟ ಮಾಡಿ, ತಾಯಿಯಿಂದ ‘ಜೋಪಾನ’ ಎನ್ನಿಸಿಕೊಂಡು ಕಾಲೇಜಿಗೆ ಹೋಗುವ ಮಕ್ಕಳೇ. ಮಗಳ ಫೋನಿನ ಬಗ್ಗೆ ಅಷ್ಟು ಚಿಂತಿಸುವ ನಾವು, ಮಗನ ಫೋನಿನಿಂದ ಹೊರಗೆ ಏನು ಹೋಗುತ್ತಿದೆ ಎಂದು ಎಂದಾದರೂ ಕೇಳಿದ್ದೇವೆಯೇ?

ಮುಚ್ಚಿಟ್ಟ ಗಾಯ

ಈಗ ಮೊದಲಿನ ಮಾತಿಗೆ ಬರೋಣ. ಅನಗವಾಡಿಯಿಂದ ಬೀಳಗಿಗೋ ಬಾಗಲಕೋಟೆಗೋ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಆ ಮನೆತನದಲ್ಲಿ ಪದವಿ ಓದುವ ಮೊದಲ ಹೆಣ್ಣು ಅವಳೇ ಇರಬಹುದು. ನೋಟ್ಸು, ಪರೀಕ್ಷೆಯ ಸುದ್ದಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅವಳಿಗೆ ಫೋನಿನಲ್ಲೇ ಬರುತ್ತವೆ. ಅವಳ ಫೋಟೋದ ಕೆಳಗೆ ಯಾರೋ ಹೊಲಸು ಬರೆದರೆ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ಮನೆಯಲ್ಲಿ ಹೇಳಿದರೆ ಫೋನ್ ಹೋಗುತ್ತದೆ. ಫೋನಿನ ಹಿಂದೆ ಕಾಲೇಜು ಹೋಗುತ್ತದೆ. ಕಾಲೇಜಿನ ಹಿಂದೆ ಅವಸರದ ನಿಕಾಹ್‌ನ ಮಾತು ಬರುತ್ತದೆ. ಹೇಳದಿದ್ದರೆ ನೋವು ಮಾತ್ರ ಉಳಿಯುತ್ತದೆ. ಅವಳು ನೋವನ್ನೇ ಆರಿಸಿಕೊಳ್ಳುತ್ತಾಳೆ.

ಹೆದರಿಸುವವರಿಗೆ ಬೇಕಾದದ್ದೂ ಇದೇ ಮೌನ. ‘ನಿಮ್ಮ ಅಬ್ಬಾಗೆ ಕಳಿಸಲಾ?’ ಎಂಬ ಒಂದು ಸಾಲಿನಿಂದ ಎಷ್ಟೋ ಹುಡುಗಿಯರನ್ನು ಆಟ ಆಡಿಸಲಾಗುತ್ತದೆ. ಅಬ್ಬಾಗೆ ಮೊದಲೇ ಗೊತ್ತಿದ್ದರೆ, ಅಬ್ಬಾ ಮಗಳ ಪಕ್ಕದಲ್ಲಿದ್ದರೆ ಆ ಬೆದರಿಕೆಗೆ ಹಲ್ಲೇ ಇಲ್ಲ.

ಗಂಡುಮಕ್ಕಳನ್ನೂ ಮರೆಯಬಾರದು. ದಪ್ಪ ಎಂದು, ಕಪ್ಪು ಎಂದು, ತೊದಲುತ್ತಾನೆ ಎಂದು ಗೆಳೆಯರ ವಾಟ್ಸಾಪ್ ಗುಂಪಿನಲ್ಲೇ ಗೇಲಿಗೊಳಗಾಗುವ ಹುಡುಗರಿದ್ದಾರೆ. ‘ಗಂಡ್ಸಾಗಿ ಇಷ್ಟಕ್ಕ ಅಳ್ತೀಯೇನೋ?’ ಎಂಬ ಮಾತಿಗೆ ಹೆದರಿ ಅವರೂ ಬಾಯಿ ಮುಚ್ಚಿಕೊಳ್ಳುತ್ತಾರೆ.

ಮಗಳು, ಮಗ ಬಂದು ಹೇಳಿದಾಗ

ಮೊದಲು ಪೂರ್ತಿ ಕೇಳಿ. ‘ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ’ ಎಂಬ ಎರಡು ಮಾತು ಆಡಿ. ಆ ಕ್ಷಣಕ್ಕೆ ಇಷ್ಟೇ ಔಷಧ ಸಾಕು. ಮಗಳು ಯಾವ ಫೋಟೋ ಹಾಕಬಾರದಿತ್ತು ಎಂಬ ಪಾಠ ಇನ್ನೊಂದು ದಿನಕ್ಕಿರಲಿ.

ಉತ್ತರ ಬರೆಯುವ ಆತುರ ಬೇಡ. ಜಗಳ ಬೆಳೆದಷ್ಟೂ ನೋಡುವವರು ಸೇರುತ್ತಾರೆ. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಬರೆದವರ ಖಾತೆಯ ಹೆಸರು, ಅದರ ಕೊಂಡಿ, ದಿನಾಂಕ, ಸಮಯ ಕಾಣುವಂತಿರಲಿ. ಆಮೇಲೆ ಆ ಕಮೆಂಟನ್ನು ರಿಪೋರ್ಟ್ ಮಾಡಿ, ಬರೆದವರನ್ನು ಬ್ಲಾಕ್ ಮಾಡಿ. ಬರೆದವರು ಸಂಬಂಧಿಕರೋ ಸಹಪಾಠಿಯೋ ಆಗಿದ್ದು, ಬ್ಲಾಕ್ ಮಾಡಿದರೆ ಊರಲ್ಲಿ ಜಗಳವಾದೀತು ಎಂಬ ಅಂಜಿಕೆ ಇದ್ದರೆ ಇನ್‌ಸ್ಟಾಗ್ರಾಮಿನಲ್ಲಿ ‘ರಿಸ್ಟ್ರಿಕ್ಟ್’ ಎಂಬ ವ್ಯವಸ್ಥೆ ಇದೆ. ಅದನ್ನು ಒತ್ತಿದರೆ ಅವರು ಬರೆದ ಹೊಸ ಕಮೆಂಟು ಅವರಿಗೆ ಮಾತ್ರ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಹೀಗೆ ಮಾಡಿದ್ದೂ ಅವರಿಗೆ ತಿಳಿಯುವುದಿಲ್ಲ.

ಕೆಲವು ದಿನ ಆ ಕಮೆಂಟುಗಳನ್ನು ನೀವೇ ನೋಡಿ, ಅವಳು ನೋಡುವುದು ಬೇಡ. ರಾತ್ರಿ ಇಶಾ ನಮಾಝಿನ ನಂತರ ಮನೆಯವರೆಲ್ಲರ ಫೋನುಗಳೂ, ನಿಮ್ಮದೂ ಸೇರಿ, ಒಂದೇ ಕಡೆ ಇರಲಿ. ಅವಳೊಬ್ಬಳದನ್ನೇ ತೆಗೆದಿಟ್ಟರೆ ಅದು ಶಿಕ್ಷೆ, ಎಲ್ಲರದನ್ನೂ ಇಟ್ಟರೆ ಅದು ಮನೆಯ ಪದ್ಧತಿ.

ಕಾನೂನು ಎಲ್ಲಿಗೆ ಬರುತ್ತದೆ?

ಪ್ರತಿಯೊಂದು ಒರಟು ಮಾತೂ ಅಪರಾಧವಲ್ಲ. ‘ಕೆಟ್ಟದಾಗಿ ಹಾಡುತ್ತಾಳೆ’ ಎಂದು ಬರೆದರೆ ಪೊಲೀಸರು ಬರುವುದಿಲ್ಲ, ಬರಬಾರದು ಕೂಡ. ತೀರ ಸಡಿಲವಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿದೆ. ಆದರೆ ಗೆರೆ ದಾಟಿದ ಕೃತ್ಯಗಳಿಗೆ ಕಾನೂನು ಗಟ್ಟಿಯಾಗಿಯೇ ಇದೆ. ಬೇಡವೆಂದರೂ ಬೆನ್ನುಬಿದ್ದು ಸಂದೇಶ ಕಳಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು 79ನೇ ಕಲಮಿನಲ್ಲಿ, ಬೆದರಿಕೆ 351ನೇ ಕಲಮಿನಲ್ಲಿ ಅಪರಾಧ. ಐಟಿ ಕಾಯ್ದೆಯ 67ನೇ ಕಲಮಿನಡಿ ಅಶ್ಲೀಲ ವಿಷಯ ಹರಡಿದವರಿಗೆ ಮೊದಲ ಸಲವೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ದೂರನ್ನು ಹತ್ತಿರದ ಠಾಣೆಯಲ್ಲೂ ಕೊಡಬಹುದು, ಬಾಗಲಕೋಟೆಯ ಸಿಇಎನ್ ಠಾಣೆಯಲ್ಲೂ ಕೊಡಬಹುದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರಿ ತಾಣದಲ್ಲಿ ಮಹಿಳೆಯರ ಮತ್ತು ಮಕ್ಕಳ ಮೇಲಿನ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ತಿಳಿಸಬಹುದು. ಸಹಾಯವಾಣಿ 1930. ಹದಿನೆಂಟು ತುಂಬದ ಮಕ್ಕಳಿಗಾಗಿ 1098 ಇದೆ.

ನೋಡಿ ಸುಮ್ಮನಿದ್ದವರು

ಒಂದು ಗುಂಪಿನಲ್ಲಿ ಇನ್ನೂರು ಜನರಿರುತ್ತಾರೆ. ಬೈದವರು ಇಬ್ಬರು. ಗಾಯಗೊಂಡವರಿಗೆ ಆ ಇಬ್ಬರ ಮಾತಿನ ಜೊತೆಗೆ ಉಳಿದವರ ಮೌನವೂ ಕೇಳಿಸುತ್ತದೆ. ‘ಎಲ್ಲರಿಗೂ ಹಾಗೇ ಅನಿಸಿರಬೇಕು’ ಎಂದು ಅವರು ತಿಳಿಯುತ್ತಾರೆ. ಹಳೆಯ ಕಟ್ಟೆಯ ಮೇಲೆ ‘ಸುಮ್ನಿರೋ’ ಎಂದ ಹಿರಿಯರ ಜಾಗ ಫೋನಿನಲ್ಲಿ ಖಾಲಿ ಬಿದ್ದಿದೆ. ಅದನ್ನು ನೀವು ತುಂಬಬಹುದು. ಜಗಳಕ್ಕಿಳಿಯಬೇಕಿಲ್ಲ. ‘ಈ ಮಾತು ಸರಿಯಲ್ಲ, ಅಳಿಸಿ’ ಎಂದು ಒಂದು ಸಾಲು ಬರೆದರೆ ಸಾಕು. ಅದೂ ಕಷ್ಟವಾದರೆ ನೊಂದವರಿಗೆ ಖಾಸಗಿಯಾಗಿ, ‘ನೋಡಿದೆ, ನಾನು ನಿನ್ನ ಕಡೆ ಇದ್ದೇನೆ’ ಎಂದು ಬರೆಯಿರಿ. ಕನಿಷ್ಠ ಆ ಸ್ಕ್ರೀನ್‌ಶಾಟನ್ನು ಮುಂದೆ ಕಳಿಸಬೇಡಿ. ‘ನೋಡಿ ಎಂಥಾ ಮಾತು ಬರೆದಿದ್ದಾರೆ’ ಎಂಬ ಅನುಕಂಪದಿಂದ ಕಳಿಸಿದರೂ ಹರಡುವುದು ಅದೇ ವಿಷ.

ಯಾವಾಗ ವೈದ್ಯರ ಬಳಿ?

ಎರಡು ವಾರ ಕಳೆದರೂ ನಿದ್ದೆ, ಊಟ, ಓದು ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ‘ನಾನು ಇದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ. ‘ಟೆಲಿ ಮನಸ್’ ಎಂಬ ಸರಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಗಿದೆ. ಅದರ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲೂ ಸಲಹೆ ಸಿಗುತ್ತದೆ. ಫೋನಿನ ಬಳಕೆಯೇ ಸಮಸ್ಯೆಯಾದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್ ಕ್ಲಿನಿಕ್’ ಎಂಬ ಪ್ರತ್ಯೇಕ ವಿಭಾಗ 2014ರಿಂದ ಇದೆ. ಮನಸ್ಸಿನ ವೈದ್ಯರ ಬಳಿ ಹೋದರೆ ಸಂಬಂಧ ಕೂಡಿಬರುವುದಿಲ್ಲ ಎಂದು ಹೆದರುವವರಿದ್ದಾರೆ. ಜ್ವರಕ್ಕೆ ಔಷಧ ತಂದದ್ದನ್ನು ನಾವು ಯಾರಿಗೂ ಮುಚ್ಚಿಡುವುದಿಲ್ಲ. ಇದೂ ಅಷ್ಟೇ.

ಓದುಗರೇ, ಪುಟ ಮಗುಚುವ ಮೊದಲು ಒಂದು ಕೆಲಸ. ನಿಮ್ಮ ಮನೆಯಲ್ಲಿ ಇನ್ನೂ ಏನೂ ಆಗಿಲ್ಲದಿರಬಹುದು. ಅದಕ್ಕೇ ಇದು ಸರಿಯಾದ ಸಮಯ. ಊಟಕ್ಕೆ ಕುಳಿತಾಗ ಮಕ್ಕಳಿಗೆ ಹೇಳಿಬಿಡಿ: ‘ಫೋನಿನಲ್ಲಿ ಯಾರು ಏನೇ ಬರೆದರೂ ನನಗೆ ತೋರಿಸು. ನಾನು ಬೈಯುವುದಿಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ, ಕಾಲೇಜು ಬಿಡಿಸುವುದಿಲ್ಲ.’ ಹಾಗೆಯೇ ಮಗನಿಗೂ ಹೇಳಿ: ‘ನೀನು ಬರೆದದ್ದನ್ನು ನನ್ನ ಎದುರು ಓದಿ ಹೇಳಲು ಆಗದಿದ್ದರೆ ಅದನ್ನು ಬರೆಯಬೇಡ.’ ಹೇಳಿದ ಮೇಲೆ ಆ ಮಾತಿಗೆ ನಿಲ್ಲಿ. ಮಕ್ಕಳು ಪರೀಕ್ಷಿಸಿಯೇ ನಂಬುತ್ತಾರೆ.